ಹಳಿ ಎತ್ತುವ ಕೂಗು

"ಸೈನ್ಯಕ್ಕೆ ರೈಲು ಹಾಕುವಾಗ ಬೆನ್ನು ಹಿಡಿದುಕೊಂಡಿತು" ಎಂದು ಆ ಮನುಷ್ಯ ಹೇಳಿದಾಗ ನಾನು ಕಂಪ್ಯೂಟರಿನಲ್ಲಿ ಅವರ ವಯಸ್ಸನ್ನು ಇನ್ನೊಮ್ಮೆ ನೋಡಿದೆ. ಅರವತ್ತೊಂಬತ್ತು. ನಿವೃತ್ತ ಟ್ರಾಮ್ ಡ್ರೈವರ್. ನಾನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ನಮ್ಮಲ್ಲಿಗೆ ಬರುವ ಬೆನ್ನುಗಳು ಸಾಮಾನ್ಯವಾಗಿ ದಿನವಿಡೀ ಕುರ್ಚಿಯಲ್ಲಿ ಕೂತು ಕೆಟ್ಟವು, ಇಲ್ಲವೇ ಶನಿವಾರ ಸೋಫಾ ಎತ್ತಲು ಹೋಗಿ ಕೆಟ್ಟವು. ಹದಿನೇಳು ವರ್ಷದಲ್ಲಿ ಸೈನ್ಯದ ರೈಲು ಇದೇ ಮೊದಲು.

"ಯಾವ ಸೈನ್ಯ?" ಎಂದೆ.

"ಮೊದಲನೇ ಮಹಾಯುದ್ಧದ್ದು. ಸ್ವಲ್ಪ ತಡವಾಗಿದೆ, ಒಪ್ಪಿಕೊಳ್ಳುತ್ತೇನೆ."

ಬೋರಲಾಗಿ ಮಲಗಿದ್ದ ಅವರು ಒಂದು ಕೈ ಹಿಂದಕ್ಕೆ ಚಾಚಿ ಫೋನಿನಲ್ಲಿ ಫೋಟೋ ತೋರಿಸಿದರು. ಹುಲ್ಲಿನ ಮೇಲೆ ಮಲಗಿಸಿದ ಕಬ್ಬಿಣದ ಏಣಿಯಂಥ ವಸ್ತು. ಎರಡು ಸಣ್ಣ ಹಳಿ, ಅವುಗಳ ಅಡಿಯಲ್ಲಿ ಅಡ್ಡಡ್ಡ ಕಬ್ಬಿಣದ ಪಟ್ಟಿಗಳು. ಹಳಿಗಳ ನಡುವೆ ಅಂತರ ಎರಡೇ ಅಡಿ. ಐದು ಮೀಟರ್ ಉದ್ದದ ಇಂಥ ತುಂಡುಗಳನ್ನು ಒಂದರ ಮುಂದೊಂದು ಇಟ್ಟು ಬೋಲ್ಟ್ ಬಿಗಿದರೆ ರೈಲು ಮಾರ್ಗ ಸಿದ್ಧ. ಯುದ್ಧದಲ್ಲಿ ದೊಡ್ಡ ರೈಲು ನಿಲ್ಲುವ ಜಾಗಕ್ಕೂ ಮುಂದೆ ಕಂದಕದಲ್ಲಿದ್ದ ಸೈನಿಕರಿಗೂ ನಡುವೆ ಬರೀ ಕೆಸರು. ಲಾರಿ ಹೂತುಕೊಳ್ಳುತ್ತದೆ, ಕುದುರೆ ಹೂತುಕೊಳ್ಳುತ್ತದೆ. ಅಲ್ಲಿ ಈ ಏಣಿಗಳನ್ನು ಹೆಗಲ ಮೇಲೆ ಹೊತ್ತು ತಂದು ಹಾಸುತ್ತಿದ್ದರು. ಶೆಲ್ ಬಿದ್ದು ಒಂದು ಏಣಿ ಮುರಿದರೆ ಅದನ್ನು ಕಿತ್ತೆಸೆದು ಇನ್ನೊಂದನ್ನು ಇಡುತ್ತಿದ್ದರು.

ಮೆಲ್ಬರ್ನ್‌ನ ಪೂರ್ವಕ್ಕೆ, ಊರಿನ ಅಂಚಿನಲ್ಲಿ, ಯಾರೋ ಬಿಟ್ಟುಕೊಟ್ಟ ಒಂದು ಹುಲ್ಲುಗಾವಲಿನಲ್ಲಿ ಇವರು ಹನ್ನೊಂದು ಜನ ಸೇರಿ ಅಂಥದೇ ಒಂದು ಮಾರ್ಗವನ್ನು, ಆಗಿನವರು ಹಾಕಿದ ಹಾಗೆಯೇ, ಕ್ರೇನ್ ಇಲ್ಲದೆ ಕೈಯಿಂದಲೇ ಹಾಕಲು ಹೊರಟಿದ್ದರು. ಹನ್ನೊಂದು ಜನರಲ್ಲಿ ಒಂಬತ್ತು ಜನ ನಿವೃತ್ತರು.

ನಾನು ವ್ಯಾಯಾಮ ಹೇಳಿಕೊಟ್ಟು, ಮೂರು ವಾರ ಏನನ್ನೂ ಎತ್ತಬೇಡಿ ಎಂದು ಕಳಿಸಿದೆ. ಹನ್ನೆರಡು ದಿನಕ್ಕೆ ಮತ್ತೆ ಬಂದರು. ಆಮೇಲೆ ಇನ್ನೊಂದು ಸಲ. ಆ ಮೂರನೆಯ ಸಲ ನನಗೆ ಸಿಟ್ಟು ಬಂತು. "ನೀವು ಎತ್ತುವುದನ್ನು ನಾನೇ ಬಂದು ನೋಡಬೇಕು" ಎಂದೆ. ಅವರು ಅದನ್ನು ಆಹ್ವಾನ ಕೇಳಿದಂತೆ ತೆಗೆದುಕೊಂಡು, ಭಾನುವಾರ ಹತ್ತು ಗಂಟೆಗೆ ಬೂಟು ಹಾಕಿಕೊಂಡು ಬನ್ನಿ ಎಂದರು.

ಆಗ ಹುಬ್ಬಳ್ಳಿಯಿಂದ ಅವ್ವ ಬಂದಿದ್ದಳು. ಆರು ತಿಂಗಳ ವೀಸಾ. ಊರಿನ ಅಂಚಿನ ಕ್ಲೈಡ್ ನಾರ್ತ್‌ನಲ್ಲಿ ನಮ್ಮ ಮನೆ. ಬೆಳಿಗ್ಗೆ ನಾನೂ ಗಂಡನೂ ಕೆಲಸಕ್ಕೆ ಹೋದರೆ ಅವ್ವನಿಗೆ ದಿನ ಉದ್ದ. ಕೆರೆಯ ಸುತ್ತ ಎರಡು ಸುತ್ತು ನಡೆದು, ಎದುರು ಸಿಕ್ಕ ಪಂಜಾಬಿ ಅಜ್ಜಿಯ ಜೊತೆ ಮುರುಕು ಹಿಂದಿಯಲ್ಲಿ ಮಾತಾಡಿ, ಮಧ್ಯಾಹ್ನಕ್ಕೆ ರೊಟ್ಟಿ ಬಡಿದು ಮುಗಿಸಿದರೂ ಗಡಿಯಾರ ಎರಡು ದಾಟಿರುತ್ತಿರಲಿಲ್ಲ. ಭಾನುವಾರ ನಾನು ಬೂಟು ಹುಡುಕುವಾಗ ಅವಳೂ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಲ್ಲಿ ಏನೂ ಇಲ್ಲವ್ವಾ, ಹುಲ್ಲು, ಕಬ್ಬಿಣ" ಎಂದೆ.

"ಇಲ್ಲೇನ್ ಐತಿ?" ಎಂದಳು.

ಹೊಲದಲ್ಲಿ ಇಳಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ರಾಶಿ ಹಾಕಿದ್ದ ಹಳಿ ತುಂಡುಗಳ ಹತ್ತಿರ ಹೋಗಿ, ಒಂದರ ಮೇಲೆ ಕೈ ಆಡಿಸಿ, ಪಾದದಿಂದ ಅಂತರ ಅಳೆದದ್ದು. ಒಂದು, ಎರಡು ಪಾದ, ಮೇಲೆ ಸ್ವಲ್ಪ.

"ಏಣಿ-ಹಳಿ" ಎಂದಳು. "ನಮ್ಮಪ್ಪ ಇದಕ್ಕ ಏಣಿ-ಹಳಿ ಅಂತಿದ್ದ."

ನನ್ನ ಅಜ್ಜ, ಅಂದರೆ ಅವ್ವನ ಅಪ್ಪ, ಹುಬ್ಬಳ್ಳಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಎಂಬುದು ನನಗೆ ಗೊತ್ತಿತ್ತು. ಹಳಿಯ ಮೇಲೆ ನಡೆದು ಸಡಿಲಾದ ಬೋಲ್ಟ್ ಬಿಗಿಯುವುದು, ಜಲ್ಲಿ ತುಂಬುವುದು, ಸವೆದ ಹಳಿ ಬದಲಿಸುವುದು ಗ್ಯಾಂಗ್‌ಮನ್‌ನ ಕೆಲಸ. ನನಗೆ ನಾಲ್ಕು ವರ್ಷವಾಗಿದ್ದಾಗ ಅಜ್ಜ ತೀರಿಕೊಂಡ. ಅವನು ಎರಡನೇ ಮಹಾಯುದ್ಧಕ್ಕೆ ಹೋಗಿದ್ದನೆಂದೂ ಕೇಳಿದ್ದೆ. ಆದರೆ ಯುದ್ಧಕ್ಕೆ ಹೋದವನೆಂದರೆ ಬಂದೂಕು ಹಿಡಿದವನೆಂದೇ ನಾನು ಅಂದುಕೊಂಡಿದ್ದೆ. ಆ ಹೊಲದ ಅಂಚಿನಲ್ಲಿ, ಮಡಚುವ ಕುರ್ಚಿಯ ಮೇಲೆ ಕೂತು, ಅವ್ವ ಸರಿಯಾದ ಕಥೆ ಹೇಳಿದಳು.

ಅಜ್ಜನಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಸೈನ್ಯಕ್ಕೆ ರೈಲು ಕೆಲಸದವರು ಬೇಕೆಂದು ಹೇಳಿಕಳಿಸಿದರು. ಅವನ ಗ್ಯಾಂಗಿನಿಂದ ನಾಲ್ಕು ಜನ ಹೋದರು. ಮುಂಬಯಿಯಿಂದ ಹಡಗಿನಲ್ಲಿ ಇರಾಕಿನ ಬಸ್ರಾ. ಹಡಗಿನ ಬಗ್ಗೆ ಅವನಿಗೆ ಸಾಯುವವರೆಗೂ ಹೆದರಿಕೆ ಇತ್ತಂತೆ, ಯುದ್ಧದ ಬಗ್ಗೆ ಇರಲಿಲ್ಲ. ನದಿಯ ದಂಡೆಯಲ್ಲಿ ಹಡಗುಗಳಿಂದ ಇಳಿದ ಪೆಟ್ಟಿಗೆ, ಪೀಪಾಯಿಗಳನ್ನು ಮರಳಿನ ಒಳಗಿದ್ದ ಗೋದಾಮುಗಳಿಗೆ ಸಾಗಿಸಲು ಅಲ್ಲಿ ಈ ಎರಡಡಿ ಅಗಲದ ಹಳಿ ಹಾಸಿದರು. ಅಜ್ಜ ಎರಡೂವರೆ ವರ್ಷ ಅದನ್ನೇ ಮಾಡಿದ. ಹೊತ್ತು ತರುವುದು, ಹಾಸುವುದು, ಗೋದಾಮು ಬೇರೆ ಕಡೆ ಹೋದರೆ ಕಿತ್ತು ಅಲ್ಲಿಗೆ ಹಾಸುವುದು. ರಾತ್ರಿಯೆಲ್ಲ ಗಾಳಿ ಬೀಸಿ ಮರಳು ಹಳಿಯನ್ನು ಮುಚ್ಚುತ್ತಿತ್ತು. ಹಾಗಾಗಿ ಬೆಳಗಿನ ಮೊದಲ ಕೆಲಸ ಪೊರಕೆ ಹಿಡಿದು ಹಳಿ ಗುಡಿಸುವುದು.

"ಮನ್ಯಾಗ ಎಂದೂ ಪರಕಿ ಹಿಡೀಲಿಲ್ಲಂತ ನಮ್ಮವ್ವ ಬೈತಿದ್ಲು" ಎಂದಳು ಅವ್ವ. "ಅವ ಅಂತಿದ್ದ, ನನ್ನ ಪಾಲಿನ ಕಸಾ ಎಲ್ಲಾ ಬಸ್ರಾದಾಗ ಹೊಡದ ಬಂದೇನಿ ಅಂತ."

ಅಲ್ಲಿಂದ ಅವನು ಒಂದೇ ಒಂದು ಅರಬ್ಬಿ ಮಾತು ಕಲಿತು ಬಂದಿದ್ದ. ನೀರಿಗೆ ಅವರು 'ಮಾಯ್' ಅನ್ನುತ್ತಾರೆ. ಕೆಲಸದಿಂದ ಬಂದವನೇ ಕಟ್ಟೆಯ ಮೇಲೆ ಕೂತು "ಮಾಯಿ ತಾ" ಎಂದರೆ ಅಜ್ಜಿ ಒಳಗಿನಿಂದ "ಮಾಯಿ ಗುಡ್ಯಾಗ ಅದಾಳ, ಹೋಗಿ ಕೈ ಮುಗಿ" ಎನ್ನುತ್ತಿದ್ದಳಂತೆ.

ಅಷ್ಟರಲ್ಲಿ ಗುಂಪು ಕೆಲಸ ಶುರು ಮಾಡಿತು. ಅದರ ಮುಖ್ಯಸ್ಥೆ ಎತ್ತರದ, ಬಿಸಿಲಿಗೆ ಚರ್ಮ ಸುಕ್ಕಾದ ಒಬ್ಬ ಹೆಂಗಸು. ನಲವತ್ತು ವರ್ಷ ಭೂಮಾಪನದ ಕೆಲಸ ಮಾಡಿದವರು. ಅವರು "ಒನ್, ಟೂ, ಥ್ರೀ" ಎಂದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿದರು. ನಾನು ಮೊಣಕಾಲುಗಳನ್ನು ನೋಡುತ್ತಿದ್ದೆ, ಸೊಂಟಗಳನ್ನು ನೋಡುತ್ತಿದ್ದೆ. ನನ್ನ ಟ್ರಾಮ್ ಡ್ರೈವರ್ ಮೊಣಕಾಲು ಬಗ್ಗಿಸುತ್ತಿದ್ದರು, ನಾನು ಹೇಳಿಕೊಟ್ಟಂತೆಯೇ. ಆದರೂ ಅವರ ಮುಖ ಕಿವುಚಿತು. ಏಕೆಂದು ನನಗೆ ತಿಳಿಯಲಿಲ್ಲ.

ಅವ್ವನಿಗೆ ತಿಳಿಯಿತು.

"ಅಯ್ಯ! ಒಬ್ಬ ಮೂರು ಅಂದಾಗ ಎತ್ತತಾನ, ಒಬ್ಬ ಮೂರು ಅಂದ್ ಮ್ಯಾಲ ಎತ್ತತಾನ. ಆ ನಡುವ ಎಲ್ಲಾ ಭಾರ ಮೊದಲ ಎತ್ತಿದಾಂವನ ಮ್ಯಾಲ. ಬೆನ್ನು ಹೋಗದ ಏನಾದೀತು?"

ಇನ್ನೊಮ್ಮೆ ನೋಡಿದೆ. ಹೌದು. ಟ್ರಾಮ್ ಡ್ರೈವರ್ 'ಥ್ರೀ' ಎನ್ನುವಾಗಲೇ ಎತ್ತುತ್ತಿದ್ದರು. ಉಳಿದ ಮೂವರು 'ಥ್ರೀ' ಮುಗಿದ ಮೇಲೆ. ಅರ್ಧ ಸೆಕೆಂಡಿನಷ್ಟು ಹೊತ್ತು ಹೆಚ್ಚಿನ ಭಾರವೆಲ್ಲ ಒಬ್ಬ ಅರವತ್ತೊಂಬತ್ತರ ಮನುಷ್ಯನ ಸೊಂಟದ ಮೇಲೆ. ಮೂರು ಸಲ ಅವರ ಬೆನ್ನನ್ನು ಮುಟ್ಟಿ ನೋಡಿದ ನನಗೆ ಕಾಣದ್ದು ಕುರ್ಚಿಯಲ್ಲಿ ಕೂತಿದ್ದ ಅವ್ವನಿಗೆ ಕಂಡಿತ್ತು.

ನಾನು ಅವರಿಗೆ ಅದನ್ನೂ ಅಜ್ಜನ ವಿಷಯವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮುಖ್ಯಸ್ಥೆ ನಕ್ಕು, "ಹಾಗಾದರೆ ನಿಮ್ಮ ಅಜ್ಜನ ಗ್ಯಾಂಗ್ ಹೇಗೆ ಎತ್ತುತ್ತಿತ್ತು, ತಾಯಿಯನ್ನು ಕೇಳಿ" ಎಂದರು.

"ಕೈಲೆ ಎತ್ತೂದಲ್ಲ, ದನೀಲೆ ಎತ್ತೂದು ಅಂತ ಹೇಳು" ಎಂದಳು ಅವ್ವ. ಹುಡುಗಿಯಾಗಿದ್ದಾಗ ದಿನವೂ ಮಧ್ಯಾಹ್ನ ಅಜ್ಜನಿಗೆ ಬುತ್ತಿ ಒಯ್ಯುತ್ತಿದ್ದವಳು ಅವಳು. ಹಳಿ ಎತ್ತುವಾಗ ಮೇಸ್ತ್ರಿ ಒಂದು ಸಾಲು ಕೂಗುತ್ತಾನೆ, ಗ್ಯಾಂಗ್ 'ಹೈಸಾ' ಅನ್ನುತ್ತದೆ, ಹೀಗೆ ಸಾಲು ಸಾಲಾಗಿ ಕೂಗಿ ಎಲ್ಲರ ದನಿ ಒಂದಾದ 'ಹೈಸಾ'ದ ಮೇಲೆಯೇ ಎತ್ತು. ಆಮೇಲಾಮೇಲೆ ಅಜ್ಜನೇ ಮೇಸ್ತ್ರಿಯಾದ. ಅದಕ್ಕೂ ಮೊದಲು ಬಸ್ರಾದಲ್ಲೂ ಕೂಗುತ್ತಿದ್ದವನು ಅವನೇ.

ಅವಳು ಎದ್ದು ನಿಂತಳು. ಸೆರಗನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡಳು. ಮೊದಲು ನಾಚಿಕೆಯಾಗಿ ನನ್ನ ಕಡೆ ನೋಡಿ, ಆಮೇಲೆ ಆ ನಾಲ್ವರಿಗೆ ಬೆನ್ನು ತಿರುಗಿಸಿ ಬೇಲಿಯ ಕಡೆ ಮುಖ ಮಾಡಿ ಕೂಗಿದಳು:

"ಮಣಕಾಲ ಮಡಚ್ರೋ..."

"ಹೈಸಾ!" ಎಂದು ನಾನು ತೋರಿಸಿಕೊಟ್ಟೆ.

"ರೊಟ್ಟಿ ತಿಂದೀರಿ..."

"ಹೈಸಾ!" ನಾಲ್ವರೂ ಅಂದರು, ಸ್ವಲ್ಪ ಹಿಂದೆ ಮುಂದೆ.

"ಚಾ ಕುಡದೀರಿ..."

"ಹೈಸಾ!"

"ಸಾಹೇಬ ಬಂದಾನ..."

"ಹೈಸಾ!"

"ಹೊಟ್ಟಿ ತಂದಾನ..."

"ಹೈಸಾ!" ಆ ಐದನೆಯ ಹೈಸಾಕ್ಕೆ ಏಣಿ-ಹಳಿ ನೆಲ ಬಿಟ್ಟು ಮಟ್ಟಸವಾಗಿ ಮೇಲೆ ಬಂತು. ನಾಲ್ಕೂ ಮೂಲೆ ಒಟ್ಟಿಗೆ. ಯಾರ ಮುಖವೂ ಕಿವುಚಲಿಲ್ಲ.

ನನ್ನ ವೃತ್ತಿಯ ಕಣ್ಣು ಅವರ ಪಕ್ಕೆಲುಬುಗಳ ಮೇಲಿತ್ತು. 'ಹೈಸಾ' ಎನ್ನಬೇಕಾದರೆ ಉಸಿರು ಹೊರಗೆ ಬಿಡಲೇಬೇಕು. ಉಸಿರು ಬಿಡುತ್ತ ಎತ್ತಿರಿ ಎಂದು ನಾನು ರೋಗಿಗಳಿಗೆ ಹೇಳುತ್ತೇನೆ, ಅವರು ತಲೆಯಾಡಿಸಿ ಉಸಿರು ಬಿಗಿಹಿಡಿದೇ ಎತ್ತುತ್ತಾರೆ. ಇಲ್ಲಿ ಕೂಗೇ ಉಸಿರನ್ನು ಬಿಡಿಸುತ್ತಿತ್ತು.

ಅವತ್ತು ಅವರು ಆರು ತುಂಡು ಹಾಸಿದರು. ನಾಲ್ಕನೆಯದರ ಹೊತ್ತಿಗೆ ಅವ್ವನ ನಾಚಿಕೆ ಬಿಟ್ಟುಹೋಗಿತ್ತು. ಐದನೆಯದಕ್ಕೆ ಅವಳು ಹೇಳಿದ ಎರಡು ಸಾಲುಗಳನ್ನು ನಾನಿಲ್ಲಿ ಬರೆಯುವಂತಿಲ್ಲ. ಇಷ್ಟು ವರ್ಷ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ನಾನು ಕೆಂಪಾಗಿ, "ಅವ್ವಾ!" ಎಂದೆ.

"ಇವ್ರಿಗೆ ಏನ್ ತಿಳಿತೈತಿ? ಗ್ಯಾಂಗಿನಾಗ ಎಲ್ಲಾ ಹಿಂತಾವ. ಬುತ್ತಿ ಒಯ್ಯೂ ಹುಡುಗಿ ದೂರ ಕಂಡ್ ಕೂಡಲೆ ನಮ್ಮಪ್ಪ ಪದಾ ಬದಲಸ್ತಿದ್ದ. ಆದ್ರ ಗಾಳಿ ನನ್ನ ಕಡೆ ಇರ್ತಿತ್ತು" ಎಂದಳು.

ಟ್ರಾಮ್ ಡ್ರೈವರ್ ಏನೆಂದು ಅರ್ಥ ಕೇಳಿದರು. ಹವಾಮಾನದ ಬಗ್ಗೆ ಎಂದೆ.

ಆಮೇಲೆ ಪ್ರತಿ ಭಾನುವಾರ ಅದೇ ನಮ್ಮ ಕಾರ್ಯಕ್ರಮವಾಯಿತು. ಮೈಸೂರಿನವನಾದ ನನ್ನ ಗಂಡ, "ಎಲ್ಲರೂ ಅತ್ತೇನ ಕರ್ಕೊಂಡು ಬೀಚು, ಪೆಂಗ್ವಿನ್ ಅಂತ ತೋರಿಸ್ತಾರೆ. ನೀನು ಕಬ್ಬಿಣ ಎತ್ತಿಸ್ತಿದ್ದೀಯಲ್ಲ ಮಾರಾಯ್ತಿ" ಎಂದು ನಗುತ್ತಲೇ ಫ್ಲಾಸ್ಕಿಗೆ ಕಾಫಿ ತುಂಬಿಸಿ ಕೊಡುತ್ತಿದ್ದ. ಕೆಲಸದ ನಡುವೆ ಮುಖ್ಯಸ್ಥೆ ನನಗೆ ಯುದ್ಧದ ಮಾರ್ಗಗಳ ಹಳೆಯ ನಕಾಶೆಗಳನ್ನು ತೋರಿಸುತ್ತಿದ್ದರು. ಹೋಗುವಾಗ ಗುಂಡು, ನೀರು, ರೊಟ್ಟಿ. ಬರುವಾಗ ಅದೇ ಬಂಡಿಯಲ್ಲಿ ಗಾಯಗೊಂಡವರು. ಕೆಸರಿನಲ್ಲಿ ಸ್ಟ್ರೆಚರ್ ಹೊತ್ತು ಗಂಟೆಗಟ್ಟಲೆ ನಡೆಯುವ ಬದಲು ಹಳಿಯ ಮೇಲೆ ಸಲೀಸಾಗಿ ಬಂದವರಲ್ಲಿ ಎಷ್ಟೋ ಮಂದಿ ಉಳಿದಿರಬೇಕು. ಆ ನಕಾಶೆಯಲ್ಲಿ ಆಸ್ಪತ್ರೆಯ ಗುರುತಿನವರೆಗೆ ಬಂದು ನಿಂತ ಸಣ್ಣ ಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ.

ಜುಲೈ ಹೊತ್ತಿಗೆ ಕೈಯಲ್ಲಿದ್ದ ಹಳಿ ಮುಗಿಯಿತು. ಅಂದುಕೊಂಡಷ್ಟು ಮಾರ್ಗಕ್ಕೆ ಇನ್ನೂ ಎಂಟು ತುಂಡು ಬೇಕಿತ್ತು. ಸಿಡ್ನಿಯ ಅಂಚಿನಲ್ಲಿ ಒಬ್ಬ ತರಕಾರಿ ಬೆಳೆಗಾರರ ಜಮೀನಿನಲ್ಲಿ ಅಂಥವು ಬಿದ್ದಿವೆಯೆಂದು ಸುದ್ದಿ ಬಂತು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಇಂಥ ಹಳಿಗಳು ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ ಹಂಚಿಹೋಗಿದ್ದವಂತೆ. ಈಗ ಆ ಜಮೀನೂ ಮನೆಗಳ ಎಸ್ಟೇಟ್ ಆಗುವುದರಲ್ಲಿತ್ತು. ಅದು ಇದ್ದದ್ದು ಸ್ಕೋಫೀಲ್ಡ್ಸ್ ದಾಟಿ ಕಾರಿನಲ್ಲಿ ಹತ್ತು ನಿಮಿಷ. ಸ್ಕೋಫೀಲ್ಡ್ಸ್‌ನಲ್ಲಿ ನನ್ನ ಅಣ್ಣನ ಮನೆ.

ಟ್ರಾಮ್ ಡ್ರೈವರ್ ಮತ್ತು ಮುಖ್ಯಸ್ಥೆ ಬಾಡಿಗೆ ಟ್ರಕ್ಕಿನಲ್ಲಿ ಹೊರಟರು. ಅವ್ವ ಹೇಗೂ ಮಗನ ಮನೆಗೆ ಹೋಗಬೇಕಿತ್ತು, ನಾವಿಬ್ಬರೂ ವಿಮಾನದಲ್ಲಿ ಹೋದೆವು.

ಅಣ್ಣನಿಗೆ ಈ ಭಾನುವಾರಗಳ ವಿಷಯ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಎಪ್ಪತ್ತೆರಡು ವರ್ಷದಾಕಿ. ಥಂಡ್ಯಾಗ ಹೊಲಕ್ಕ ಕರ್ಕೊಂಡ್ ಹೋಗಿ ಕೂಗಸ್ತೀ ಅಲ್ಲ, ನಿನಗ ಬುದ್ಧಿ ಐತೇನು?" ಎಂದು ಫೋನಿನಲ್ಲಿ ಬೈದಿದ್ದ. ನಾನದನ್ನು ಕಾಳಜಿಯೆಂದೇ ತಿಳಿದಿದ್ದೆ.

ಶನಿವಾರ ಮಧ್ಯಾಹ್ನ ಅವನು ಅವ್ವ ಬಂದಳೆಂದು ಪಕ್ಕದ ಮೂರು ಕನ್ನಡ ಕುಟುಂಬಗಳನ್ನು ಊಟಕ್ಕೆ ಕರೆದಿದ್ದ. ಎಲ್ಲರೂ ಬೆಂಗಳೂರು, ತುಮಕೂರು ಕಡೆಯವರು. ಮನೆ, ಶಾಲೆ, ಮಾರ್ಟ್‌ಗೇಜ್ ಎಂದು ಮಾತು ಸಾಗುತ್ತಿತ್ತು. ಎದುರು ಮನೆಯವರು ಅವ್ವನ ಕಡೆ ತಿರುಗಿ ಬಹಳ ಗೌರವದಿಂದ ಕೇಳಿದರು:

"ಆಂಟಿ, ನಿಮ್ಮ ಫಾದರ್ ರೈಲ್ವೇಸ್‌ನಲ್ಲಿ ದೊಡ್ಡ ಆಫೀಸರ್ ಆಗಿದ್ರಂತೆ? ವಾರ್ ಟೈಮಲ್ಲಿ ಇರಾಕ್‌ಗೆ ಪೋಸ್ಟಿಂಗ್ ಆಗಿತ್ತು ಅಂತ ಹೇಳ್ತಿದ್ರು."

ಅವ್ವ ಅಣ್ಣನ ಕಡೆ ನೋಡಿದಳು. ಅವನು ಕೋಸಂಬರಿಯ ಬಟ್ಟಲು ಹಿಡಿದು ನಿಂತಿದ್ದ. ಬಡಿಸುವುದಕ್ಕೂ ಇಲ್ಲ, ಕೆಳಗಿಡುವುದಕ್ಕೂ ಇಲ್ಲ.

"ಆಫೀಸರ್ ಅಲ್ಲಪಾ" ಎಂದಳು ಅವ್ವ. "ಗ್ಯಾಂಗ್‌ಮನ್. ಹಳಿ ಹೊರೂ ಕೆಲಸ. ಸಾಹೇಬ್ರು ಬ್ಯಾರೆ ಇದ್ರು."

ಕೇಳಿದವರಿಗೇ ಮುಜುಗರವಾಯಿತು. ಅವ್ವ ಮಾತ್ರ ಆರಾಮಾಗಿ ಅನ್ನಕ್ಕೆ ತುಪ್ಪ ಹಾಕಿಕೊಂಡು, ಮರಳು ಗುಡಿಸುವ ಕಥೆ ಶುರು ಮಾಡಿದಳು. ಆಮೇಲೆ 'ಮಾಯಿ'ಯ ಕಥೆ. ಜನ ನಕ್ಕರು. ಎದುರು ಮನೆಯವರು ಊಟ ಬಿಟ್ಟು, ಹಳಿ ಎಷ್ಟು ಭಾರ ಇರುತ್ತಿತ್ತು, ಬಿಸಿಲಿಗೆ ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹೇಗೆ ಹಿಡಿಯುತ್ತಿದ್ದರು ಎಂದೆಲ್ಲ ಕೇಳಿದರು. "ಒದ್ದಿ ಗೋಣಿಚೀಲಾ ಕೈಗೆ ಸುತ್ಕೋತಿದ್ರು" ಎಂದಳು ಅವ್ವ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಅಣ್ಣ ಪಾತ್ರೆ ತೊಳೆಯುತ್ತಿದ್ದ. ನಾನು ಒರೆಸುತ್ತಿದ್ದೆ.

"ನಾಚಿಕೆ ಅಂತಲ್ಲ" ಎಂದ, ನಾನು ಏನೂ ಕೇಳುವ ಮೊದಲೇ. "ಇಂಜಿನಿಯರಿಂಗ್ ಕಾಲೇಜಿನ್ಯಾಗ ಯಾರೋ ಕೇಳಿದ್ರು, ರೈಲ್ವೆದಾಗ ಇದ್ರು ಅಂದೆ. ಆಫೀಸರಾ ಅಂದ್ರು, ಹೂಂ ಅಂದೆ. ಅಲ್ಲಿಂದ ಹಂಗ ನಡಕೊಂತ ಬಂತು. ಮೂವತ್ತು ವರ್ಷದ ಮ್ಯಾಲ ಅದನ್ನ ಎಲ್ಲಿ ತಿದ್ದೂದು?"

"ಇವತ್ತ ಅವ್ವ ತಿದ್ದಿದ್ಲಲ್ಲ."

"ಹೂಂ" ಎಂದ. ಒಂದು ತಟ್ಟೆಯನ್ನು ಎರಡು ಸಲ ತೊಳೆದ. "ಆಕಿ ಸಿಟ್ಟಾಗ್ಯಾಳೇನು?"

ಅವ್ವ ಸಿಟ್ಟಾಗಿರಲಿಲ್ಲ. ಹೊರಗಿನ ಕೋಣೆಯಲ್ಲಿ ಸೊಸೆಯ ಜೊತೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳು ಅವನಿಗೆ ಅವತ್ತೂ ಆಮೇಲೂ ಆ ವಿಷಯ ಎತ್ತಲಿಲ್ಲ. ಮಲಗುವ ಮೊದಲು, "ನಾಳೆ ಎಂಟಕ್ಕ ಹೊರಡೂದ ಐತಿ" ಎಂದು ಮಾತ್ರ ಹೇಳಿದಳು.

ಭಾನುವಾರ ಬೆಳಿಗ್ಗೆ ನಾವು ಕಾರಿಗೆ ಹೋಗುವಷ್ಟರಲ್ಲಿ ಅಣ್ಣ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದ. ಕೈಗವಸು ತೊಡೆಯ ಮೇಲೆ. ಅವ್ವ ಹೋಗಿ ಅವನ ಪಕ್ಕದಲ್ಲಿ ಕೂತಳು.

ಆ ಜಮೀನಿನ ಒಂದು ಬದಿಯಲ್ಲಿ ಆಗಲೇ ಹೊಸ ರಸ್ತೆಗಳ ಗುರುತಿಗೆ ಗೂಟ ಹೊಡೆದಿದ್ದರು. ಹಳಿಗಳು ಶೆಡ್ಡಿನ ಹಿಂದೆ, ಸೊಂಟದವರೆಗೆ ಬೆಳೆದ ಹುಲ್ಲಿನಲ್ಲಿ. ಯಜಮಾನರಿಗೆ ಎಂಬತ್ತು ದಾಟಿತ್ತು. ಹುಡುಗನಾಗಿದ್ದಾಗ ಇವುಗಳ ಮೇಲೆ ಎಲೆಕೋಸಿನ ಬಂಡಿ ತಳ್ಳುತ್ತಿದ್ದರಂತೆ. "ಇಲ್ಲಿ ಬಿಟ್ಟರೆ ಬುಲ್‌ಡೋಜರ್ ತಿನ್ನುತ್ತದೆ, ತೆಗೆದುಕೊಂಡು ಹೋಗಿ" ಎಂದರು.

ಎತ್ತುವವರು ನಾಲ್ಕೇ ಜನ: ಟ್ರಾಮ್ ಡ್ರೈವರ್, ಮುಖ್ಯಸ್ಥೆ, ನಾನು, ಅಣ್ಣ. ಅಣ್ಣ ದಿನವಿಡೀ ಕುರ್ಚಿಯ ಮನುಷ್ಯ, ಅವನ ಭುಜ ನೋಡಿಯೇ ನನಗೆ ಗೊತ್ತು. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅವ್ವ ಟ್ರಕ್ಕಿನ ಹತ್ತಿರ ನಿಂತು ಶುರು ಮಾಡಿದಳು.

"ಮಣಕಾಲ ಮಡಚ್ರೋ..."

"ಹೈಸಾ!"

ಎಲ್ಲರಿಗಿಂತ ಮೊದಲು ಬಂದದ್ದು ಅಣ್ಣನ ದನಿ. ನಾವು ಮೂವರು ಎರಡು ತಿಂಗಳ ಅಭ್ಯಾಸದವರು, ಆದರೂ ನಮ್ಮದು ಕಲಿತ ಹೈಸಾ. ಅವನದು ಹೊಟ್ಟೆಯಿಂದ ಬಂದ ಮೋಟು ಕೂಗು, 'ಸಾ' ಅರ್ಧಕ್ಕೆ ಕತ್ತರಿಸಿದಂತೆ. ಅವ್ವ ಅವನ ಕಡೆ ತಿರುಗಿದಳು. ಆಮೇಲೆ ಮುಂದಿನ ಸಾಲು ಹೇಳಿದಳು. ಅವಳು ಹೇಳದೆ ಬಿಟ್ಟ ಒಂದು ಸಾಲನ್ನು ಅವನು ನಡುವೆ ತಾನೇ ಸೇರಿಸಿದ: "ಗಾಡಿ ಬರತೈತಿ..." ಅದಕ್ಕೆ ಅವ್ವನೇ "ಹೈಸಾ" ಎಂದಳು.

ಏಣಿ-ಹಳಿ ಟ್ರಕ್ಕಿನ ಮೇಲೆ ಕೂತಿತು.

"ನಿನಗ ಹೆಂಗ ಗೊತ್ತು?" ಎಂದು ಕೇಳಿದೆ.

ಅವನು ಮೂಗು ಒರೆಸಿಕೊಂಡ. "ರಿಟಾಯರ್ ಆದ ಮ್ಯಾಲೂ ಅಜ್ಜ ಗ್ಯಾಂಗ್ ನೋಡಾಕ ಲೈನಿಗೆ ಹೋಗ್ತಿದ್ದ, ಸೂಟಿಯೊಳಗ ನಾನೂ ಜೋಡಿ ಹೋಗ್ತಿದ್ನೆಲ್ಲ. ನೀ ಸಣ್ಣಾಕಿ. ನನ್ನ ಹೆಗಲ ಮ್ಯಾಲ ಒಂದು ಕಟಗಿ ಇಟ್ಟು, ನೀನೂ ಗ್ಯಾಂಗ್‌ಮನ್ ಅಂತಿದ್ದ." ಆಮೇಲೆ ಅವನು ನಕ್ಕ, ಅಳು ಬಂದವರು ನಗುವ ಹಾಗೆ. ಎಂಟೂ ತುಂಡುಗಳನ್ನು ಅವನು ಒಂದು ಮೂಲೆಯನ್ನೂ ಬಿಟ್ಟುಕೊಡದೆ ಏರಿಸಿದ. ಮರುದಿನ ಅವನಿಂದ ಕುರ್ಚಿಯಿಂದ ಏಳಲಾಗಲಿಲ್ಲ. ಫೋನಿನಲ್ಲಿ ವ್ಯಾಯಾಮ ಹೇಳಿಕೊಟ್ಟೆ.

ಹೊಲವನ್ನು ಜನರಿಗೆ ತೆರೆದು ಮಾರ್ಗ ಹಾಸುವುದನ್ನು ತೋರಿಸುವ ದಿನ ಅಕ್ಟೋಬರಿನಲ್ಲಿತ್ತು. ಅವ್ವನ ಟಿಕೆಟ್ ಆಗಸ್ಟ್ ಕೊನೆಗೆ. ಇದು ತಿಳಿದಾಗ ಮುಖ್ಯಸ್ಥೆ ಕ್ಯಾಲೆಂಡರ್ ನೋಡಿ, "ಹಾಗಾದರೆ ಮಾರ್ಗವನ್ನು ಆಗಸ್ಟಿನಲ್ಲೇ ಪೂರ್ತಿ ಮಾಡೋಣ. ಜನ ಬಂದಾಗ ಕೊನೆಯ ನಾಲ್ಕು ತುಂಡು ಕಿತ್ತು ಮತ್ತೆ ಹಾಸಿ ತೋರಿಸಿದರಾಯಿತು. ಸೈನ್ಯವೂ ಇದನ್ನೇ ಮಾಡುತ್ತಿತ್ತು" ಎಂದರು.

ಅವ್ವ ಹೊರಡುವ ಮೊದಲಿನ ಭಾನುವಾರ. ಅಣ್ಣ ಬೆಳಗಿನ ವಿಮಾನಕ್ಕೆ ಸಿಡ್ನಿಯಿಂದ ಬಂದಿದ್ದ. ನನ್ನ ಗಂಡನೂ ಬಂದ, ಮೊದಲ ಸಲ ಫ್ಲಾಸ್ಕಿನ ಜೊತೆ ತಾನೂ. ಹಿಂದಿನ ದಿನ ಮಳೆಯಾಗಿ ಹೊಲದ ತಗ್ಗಿನ ಭಾಗ ಕೆಸರಾಗಿತ್ತು. ಅದನ್ನು ಕಂಡು ಗುಂಪಿನವರೆಲ್ಲ ಖುಷಿಯಾದರು, ಈಗ ನಿಜವಾದ ಯುದ್ಧಭೂಮಿಯ ಹಾಗಾಯಿತು ಎಂದು. ಸೈನಿಕರು ಮಾಡುತ್ತಿದ್ದಂತೆ ಕಡ್ಡಿ ಕಂಟಿಗಳ ಹೊರೆ ಕಟ್ಟಿ ಕೆಸರಿನ ಮೇಲೆ ಹಾಸಿ, ಅದರ ಮೇಲೆ ಹಳಿ ಇಟ್ಟೆವು. ಅವ್ವ ಹೊರೆಗಳನ್ನು ಕಾಲಿನಿಂದ ಒತ್ತಿ ನೋಡಿ, ಎರಡು ಕಡೆ ಇನ್ನೊಂದೊಂದು ಹಾಕಿಸಿದಳು. ಮಧ್ಯಾಹ್ನ ಎರಡರ ಹೊತ್ತಿಗೆ ಅವಳ ಗಂಟಲು ಕಟ್ಟಿತು. ಉಳಿದ ಮೂರು ತುಂಡುಗಳಿಗೆ ಅಣ್ಣ ಕೂಗಿದ. ನನ್ನ ಗಂಡ ಮೈಸೂರಿನ ರಾಗದಲ್ಲಿ 'ಹೈಸಾ' ಅನ್ನುತ್ತಿದ್ದುದು ಕೇಳಿ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಕೊನೆಯ ಬೋಲ್ಟ್ ಬಿಗಿದ ಮೇಲೆ ಟ್ರಾಮ್ ಡ್ರೈವರ್ ತಮ್ಮ ಪುಟ್ಟ ಪೆಟ್ರೋಲ್ ಇಂಜಿನ್ ಹೊರಗೆ ತಂದರು. ಫ್ರಿಜ್‌ಗಿಂತ ಸ್ವಲ್ಪ ದೊಡ್ಡದು. ಅದರ ಹಿಂದೆ ಹಲಗೆಯ ಒಂದು ಬಂಡಿ. ತಿರುವಿನಲ್ಲಿ ಬಂಡಿ ಒಮ್ಮೆ ಹಳಿ ತಪ್ಪಿತು. ಎಂಟು ಜನ ಸೇರಿ 'ಹೈಸಾ' ಎಂದು ಎತ್ತಿ ಮತ್ತೆ ಕೂರಿಸಿದೆವು. ಆಮೇಲೆ ಬಂಡಿಯ ಮೇಲೆ ಕಂಬಳಿ ಹಾಸಿ ಅವ್ವನನ್ನು ಕೂರಿಸಿದೆವು. ನಾನು ಪಕ್ಕದಲ್ಲಿ ಕೂತೆ. ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಅದು ಹೊರಟಿತು. ಪ್ರತಿ ಜೋಡಣೆಗೆ ಟಕ್ ಎಂದು ಸೊಂಟಕ್ಕೆ ತಿಳಿಯುತ್ತಿತ್ತು. ಅಣ್ಣ ಪಕ್ಕದಲ್ಲಿ ಓಡುತ್ತ ಫೋಟೋ ತೆಗೆಯುತ್ತಿದ್ದ.

"ನಮ್ಮಪ್ಪ ಇದರ ಮ್ಯಾಲ ಒಂದ್ ದಿನಾನೂ ಕುಂತಿದ್ದಿಲ್ಲ" ಎಂದಳು ಅವ್ವ, ಬಂಡಿಯ ಅಂಚು ಹಿಡಿದುಕೊಂಡು. "ಹಾಸಿದಾವ್ರು ಬಾಜೂಕ ನಡೀಬೇಕು. ಕೂಡೂದು ಸಾಮಾನು, ಇಲ್ಲಾ ಸಾಹೇಬ."

ಅಷ್ಟರಲ್ಲಿ ಮಾರ್ಗ ಮುಗಿಯಿತು. ಇಳಿಯಲು ಕೈ ಕೊಟ್ಟೆ.

"ಇಳೀತೀಯೇನು?" ಎಂದೆ.

"ಯಾಕ? ಇನ್ನೊಮ್ಮೆ ಹೋಗಂತ ಹೇಳು" ಎಂದಳು.

ನಾಲ್ಕು ಸಲ ಹೋಗಿ ಬಂದಳು.

ಅಕ್ಟೋಬರಿನ ದಿನ ಜನ ಚೆನ್ನಾಗಿ ಬಂದರು. ಕೂಗಿದ್ದು ನಾನು. ಆಫೀಸಿನಲ್ಲಿ ಮೀಟಿಂಗ್ ಇದೆಯೆಂದು ಅಣ್ಣ ಬರಲಿಲ್ಲ. ಆದರೆ ಅವನ ಎದುರು ಮನೆಯವರು ಮೆಲ್ಬರ್ನ್‌ಗೆ ಬಂದಿದ್ದವರು ಮಕ್ಕಳ ಸಮೇತ ಬಂದು, "ನಿಮ್ಮ ಬ್ರದರ್ ಹೇಳಿ ಕಳಿಸಿದ್ರು, ನಮ್ಮಜ್ಜನ ಟೆಕ್ನಿಕ್ ನೋಡ್ಕೊಂಡು ಬನ್ನಿ ಅಂತ" ಎಂದರು. ಟ್ರಾಮ್ ಡ್ರೈವರ್ ಮೇ ತಿಂಗಳಿಂದ ಬೆನ್ನಿಗೆಂದು ನನ್ನ ಕ್ಲಿನಿಕ್ಕಿಗೆ ಬಂದಿಲ್ಲ. ಈಗ ಮೊಣಕೈ ನೋವಂತೆ, ಅದಕ್ಕೆ ಸ್ಪ್ಯಾನರ್ ಕಾರಣ.

ಅವತ್ತಿನ ಫೋಟೋಗಳನ್ನು ಹುಬ್ಬಳ್ಳಿಗೆ ಕಳಿಸಿದೆ. ಮರುದಿನ ಅವ್ವ ಫೋನ್ ಮಾಡಿದಳು. ಜನ ಎಷ್ಟು ಬಂದಿದ್ದರು, ಊಟಕ್ಕೆ ಏನಿತ್ತು ಎಂದು ಕೇಳುತ್ತಾಳೆ ಅಂದುಕೊಂಡೆ.

"ಆ ತಿರುವಿನ ಫೋಟೋ ದೊಡ್ಡದ್ ಮಾಡಿ ನೋಡು" ಎಂದಳು. "ಮೂರನೇ ಜೋಡಣಿಗೆ ಈ ಕಡೆ ಬೋಲ್ಟ್ ಕಾಣವಲ್ದು."

ಮುಂದಿನ ಭಾನುವಾರ ನಾನೂ ಟ್ರಾಮ್ ಡ್ರೈವರೂ ಹೋಗಿ ಹುಲ್ಲು ಸರಿಸಿ ನೋಡಿದೆವು. ನಿಜಕ್ಕೂ ಇರಲಿಲ್ಲ. ಅವರು ಜೇಬಿನಿಂದ ಒಂದು ತೆಗೆದು ಹಾಕಿದರು, ನಾನು ಸ್ಪ್ಯಾನರ್ ಹಿಡಿದು ಬಿಗಿದೆ. ಅವರ ಮೊಣಕೈಗೆ ಅದು ಆಗುತ್ತಿರಲಿಲ್ಲ.